ಅಡುಗೆಮನೆ ಒಡೆಸುವ ಮುನ್ನ ಒಂದು ನಂಬರ್ ಕೇಳಿ

ಊರಿನಲ್ಲಿ ಮನೆ ಕೆಲಸ ಹಿಡಿದರೆ ಮೊದಲು ಮೇಸ್ತ್ರಿಯ ಹೆಸರು ಕೇಳುತ್ತೇವೆ. ಯಾರ್‍ಯಾರ ಮನೆ ಕಟ್ಟಿದ್ದಾನೆ, ದುಡ್ಡಿನ ವಿಷಯದಲ್ಲಿ ಹೇಗೆ ಎಂದು ನಾಲ್ಕು ಜನರನ್ನು ವಿಚಾರಿಸಿದರೆ ಮುಗಿಯಿತು. ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸಲ ಮನೆ ಕೊಂಡ ನಮ್ಮವರು ಇಲ್ಲೂ ಹಾಗೇ ಮಾಡುತ್ತಾರೆ. ಸ್ನೇಹಿತರು ಹೇಳಿದ್ದಾರೆ, ರೇಟೂ ಕಡಿಮೆ, ಮತ್ತೇನು ಬೇಕು ಅನ್ನುತ್ತಾರೆ. ಇನ್ನೊಂದು ಬೇಕು. ಆತನ ಲೈಸೆನ್ಸ್ ನಂಬರ್.

ಇದನ್ನು ಕೊಡುವುದು ರಾಜ್ಯ ಸರ್ಕಾರದ ಕಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್. 1929ರಲ್ಲಿ ಶುರುವಾದ ಸಂಸ್ಥೆ. ಕೂಲಿ, ಸಾಮಾನು ಎರಡೂ ಸೇರಿ 1,000 ಡಾಲರ್ ಮುಟ್ಟುವ ಯಾವ ಕೆಲಸಕ್ಕಾದರೂ ಲೈಸೆನ್ಸ್ ಇರಲೇಬೇಕು. 2024ರ ಕೊನೆಯವರೆಗೆ ಈ ಮಿತಿ 500 ಡಾಲರ್ ಇತ್ತು. ಕೆಲಸ ಅದಕ್ಕಿಂತ ಚಿಕ್ಕದಾದರೂ ಅದಕ್ಕೆ ಪರ್ಮಿಟ್ ಬೇಕಾದರೆ, ಅಥವಾ ಆತ ಆಳುಗಳನ್ನು ಇಟ್ಟು ಮಾಡಿಸಿದರೆ, ವಿನಾಯಿತಿ ಸಿಗದು. ಒಂದೇ ಕೆಲಸಕ್ಕೆ 900 ಡಾಲರಿನ ಹತ್ತು ಬಿಲ್ ಬರೆದು ತಪ್ಪಿಸಿಕೊಳ್ಳಲೂ ಆಗುವುದಿಲ್ಲ.

ಲೈಸೆನ್ಸ್ ಪಡೆಯುವವನಿಗೆ 18 ವರ್ಷ ತುಂಬಿರಬೇಕು. ಹಿಂದಿನ ಹತ್ತು ವರ್ಷಗಳಲ್ಲಿ ಕನಿಷ್ಠ ನಾಲ್ಕು ವರ್ಷ, ಯಾರ ಮೇಲುಸ್ತುವಾರಿಯೂ ಇಲ್ಲದೆ ಮಾಡಬಲ್ಲ ಮಟ್ಟದ ಕಸುಬಿನ ಅನುಭವ ತೋರಿಸಬೇಕು. ಸಾಮಾನ್ಯವಾಗಿ ಪರೀಕ್ಷೆ ಎರಡು: ಒಂದು ಕಾನೂನು ಮತ್ತು ವ್ಯವಹಾರದ್ದು, ಇನ್ನೊಂದು ಅವನ ಕಸುಬಿನದು. ಬೆರಳಚ್ಚು ಕೊಡಬೇಕು. ಕೊನೆಗೆ 25,000 ಡಾಲರಿನ ಬಾಂಡ್ ಇಡಬೇಕು.

ಈ ಬಾಂಡ್ ಎಂಬ ಮಾತಿನಲ್ಲಿ ಹೊಸಬರು ಮೋಸಹೋಗುತ್ತಾರೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. 'ನಾನು ಬಾಂಡೆಡ್' ಎಂದು ಕಂಟ್ರಾಕ್ಟರ್ ಹೇಳಿದ ಕೂಡಲೇ ನಮ್ಮ ಮನೆಗೇ ವಿಮೆ ಆದಂತೆ ನೆಮ್ಮದಿಯಾಗುತ್ತದೆ. ಆದರೆ ಆ 25,000 ನಿಮ್ಮೊಬ್ಬರಿಗಾಗಿ ಇಟ್ಟ ಹಣವಲ್ಲ. ಆತನಿಂದ ನಷ್ಟವಾದ ಬೇರೆ ಮನೆಯವರು, ಸಂಬಳ ಸಿಗದ ಅವನ ಕೆಲಸಗಾರರು ಎಲ್ಲರೂ ಕೈಚಾಚುವುದು ಅದೇ ಗಂಟಿಗೆ. ನಿಮ್ಮ ಅಡುಗೆಮನೆಯೊಂದಕ್ಕೇ 40,000 ಡಾಲರ್ ಆಗುವಾಗ ಅದು ಎಷ್ಟಕ್ಕೆ ಸಾಲುತ್ತದೆ? ಬಾಂಡ್ ಇರಬೇಕು, ನಿಜ. ಅದನ್ನೇ ನೆಚ್ಚಿಕೊಂಡು ಕೂರಬಾರದು.

ಇನ್ನು ವರ್ಗಗಳು. 'ಎ' ಎಂದರೆ ರಸ್ತೆ, ಸೇತುವೆಯಂಥ ದೊಡ್ಡ ಕಾಮಗಾರಿ. 'ಬಿ' ಎಂದರೆ ಕಟ್ಟಡ. 'ಸಿ' ಒಂದೊಂದೇ ಕಸುಬಿನದು: ಸಿ-10 ವಿದ್ಯುತ್, ಸಿ-36 ಪ್ಲಂಬಿಂಗ್, ಸಿ-39 ಚಾವಣಿ. ನಮ್ಮ ಅಡುಗೆಮನೆ ಮಾಡಿಸಲು ಹೊರಟಾಗ ಬಂದಾತ ಒಳ್ಳೆಯ ಮಾತುಗಾರ, ಅಳತೆಯನ್ನೂ ಅಚ್ಚುಕಟ್ಟಾಗಿ ತೆಗೆದ. ಕಾರ್ಡಿನಲ್ಲಿ ನಂಬರ್ ಇತ್ತು. ಆತ ಹೋದ ಮೇಲೆ ಊಟದ ಮೇಜಿನ ಮುಂದೆ ಕೂತು ಬೋರ್ಡಿನ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ ನೋಡಿದೆವು. ಹೆಸರು ಸರಿಯಾಗಿತ್ತು, ಲೈಸೆನ್ಸ್ ಚಾಲ್ತಿಯಲ್ಲಿತ್ತು, ಬಾಂಡೂ ಇತ್ತು. ನನ್ನ ಹೆಂಡತಿ ಪರದೆಯನ್ನು ಇನ್ನಷ್ಟು ಕೆಳಗೆ ಸರಿಸಿದಳು. ವರ್ಗದ ಜಾಗದಲ್ಲಿ ಸಿ-33 ಎಂದಿತ್ತು. ಅಂದರೆ ಪೇಂಟಿಂಗ್. ಗೋಡೆಗೆ ಬಣ್ಣ ಬಳಿಯಲು ಲೈಸೆನ್ಸ್ ಪಡೆದವನು ನಮ್ಮ ಗೋಡೆ ಒಡೆದು, ನಲ್ಲಿ ಪೈಪು, ಕರೆಂಟ್ ವೈರು ಎಲ್ಲ ಬದಲಿಸಲು ಒಪ್ಪಿಕೊಂಡಿದ್ದ. ಕೆಳಗೆ ಸರಿಸದೆ ಇದ್ದಿದ್ದರೆ ಮರುದಿನವೇ ಅವನಿಗೆ ಹೂಂ ಅನ್ನುತ್ತಿದ್ದೆವು.

ಅದೇ ಪುಟದಲ್ಲಿ ವರ್ಕರ್ಸ್ ಕಾಂಪೆನ್ಸೇಶನ್ ವಿಮೆ ಇದೆಯೋ ಇಲ್ಲವೋ ಎಂಬುದೂ ಕಾಣುತ್ತದೆ. ಕೆಲಸಗಾರರನ್ನು ಇಟ್ಟುಕೊಂಡವರಿಗೆಲ್ಲ ಇದು ಕಡ್ಡಾಯ. ಚಾವಣಿಯವರಿಗಂತೂ ಒಬ್ಬ ಆಳೂ ಇಲ್ಲದಿದ್ದರೂ ಬೇಕೇಬೇಕು. 'ನನಗೆ ಆಳುಗಳಿಲ್ಲ, ವಿಮೆ ಬೇಡ' ಎಂದು ಬರೆದುಕೊಟ್ಟವನು ಬೆಳಿಗ್ಗೆ ನಾಲ್ಕು ಜನರನ್ನು ವ್ಯಾನಿನಿಂದ ಇಳಿಸಿದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಅವರಲ್ಲೊಬ್ಬ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡರೆ ಆಸ್ಪತ್ರೆಯ ಖರ್ಚು ನಿಮ್ಮ ಬಾಗಿಲಿಗೆ ಬರಬಹುದು. ಅದಕ್ಕಿಂತ ದೊಡ್ಡ ಮಾತೆಂದರೆ, ಆ ಬಡವನ ಮನೆಯ ಒಲೆ ಯಾರು ಹೊತ್ತಿಸುತ್ತಾರೆ?

ಲೈಸೆನ್ಸ್ ಇದ್ದವನ ಕೆಲಸ ಚೆನ್ನಾಗಿಯೇ ಇರುತ್ತದೆ ಎಂದೇನೂ ಇಲ್ಲ. ಆದರೆ ಅವನ ಜುಟ್ಟು ಬೋರ್ಡಿನ ಕೈಯಲ್ಲಿರುತ್ತದೆ. ದೂರು ಕೊಟ್ಟರೆ ವಿಚಾರಣೆ ಆಗುತ್ತದೆ, ಲೈಸೆನ್ಸ್ ಹೋಗುವ ಭಯ ಅವನಿಗಿದೆ. ಲೈಸೆನ್ಸ್ ಇಲ್ಲದವನ ವಿಷಯದಲ್ಲಿ ಕಾನೂನು ಇನ್ನೂ ಕಠಿಣ. ಕೆಲಸ ಮುಗಿಸಿದ್ದರೂ ಆತ ಬಾಕಿಗಾಗಿ ನಿಮ್ಮ ಮೇಲೆ ದಾವೆ ಹೂಡುವಂತಿಲ್ಲ, ಕೊಟ್ಟ ಹಣವನ್ನೂ ನೀವು ವಾಪಸು ಕೇಳಬಹುದು. ಕೋರ್ಟಿನಲ್ಲಿ ಗೆದ್ದರೂ ವಸೂಲಿ ಮಾಡಲು ಆತ ಕೈಗೆ ಸಿಗಬೇಕಲ್ಲ, ಕಷ್ಟ ಅಲ್ಲೇ ಇರುವುದು.

ಟೆಕ್ಸಸ್‌ನಲ್ಲಿರುವ ನೆಂಟರಿಗೆ ಇದೆಲ್ಲ ಹಾಗೆಯೇ ಹೇಳಬೇಡಿ. ಅಲ್ಲಿ ಎಲೆಕ್ಟ್ರೀಷಿಯನ್, ಪ್ಲಂಬರ್‌ಗಳಿಗೆ ರಾಜ್ಯದ ಲೈಸೆನ್ಸ್ ಬೇಕು, ಮನೆ ಕಟ್ಟುವ ಸಾಮಾನ್ಯ ಕಂಟ್ರಾಕ್ಟರ್‌ಗೆ ರಾಜ್ಯಮಟ್ಟದ ಲೈಸೆನ್ಸೇ ಇಲ್ಲ.

ಮತ್ತೆ ಕ್ಯಾಲಿಫೋರ್ನಿಯಾಕ್ಕೆ ಬರೋಣ. ಇನ್ನು ಅಡ್ವಾನ್ಸ್. ಮನೆ ರಿಪೇರಿ, ನವೀಕರಣದ ಕೆಲಸಗಳಲ್ಲಿ ಒಪ್ಪಂದದ ಶೇ. 10 ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಮುಂಗಡ ಕೇಳಬಹುದು. 40,000ದ ಕೆಲಸಕ್ಕೂ ಅಡ್ವಾನ್ಸ್ 1,000 ಮಾತ್ರ. 'ಕ್ಯಾಬಿನೆಟ್ ಆರ್ಡರ್ ಮಾಡಬೇಕು, ಅರ್ಧ ಕೊಡಿ' ಎಂದರೆ ಸಂಕೋಚಪಡದೆ ಈ ನಿಯಮ ನೆನಪಿಸಿ. ಉಳಿದ ಕಂತುಗಳೂ ಆದ ಕೆಲಸವನ್ನು ಮೀರಬಾರದು. ಒಪ್ಪಂದದ ಮೇಲೆ ಲೈಸೆನ್ಸ್ ನಂಬರ್ ಇದೆಯೇ, ಅದು ವೆಬ್‌ಸೈಟಿನಲ್ಲಿ ಕಂಡ ಹೆಸರಿಗೆ ಹೊಂದುತ್ತದೆಯೇ ನೋಡಿ. ಚೆಕ್ಕನ್ನೂ ಅದೇ ಹೆಸರಿಗೆ ಬರೆಯಿರಿ.