ರೊಟ್ಟಿ ಒಂದರಿಂದಲೇ ಊಟವಾಗದು



ಅಕ್ಕಿ ತಿಂದವನು ಹಕ್ಕಿಯಂತೆ, ಜೋಳ ತಿಂದವನು ತೋಳದಂತೆ, ರಾಗಿ ತಿಂದವನು ನಿರೋಗಿ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಘಟ್ಟವಿಳಿದು ಗೋವೆಯಲ್ಲಿ ನೆಲೆಸಿದ ನಾವೂ ಇದನ್ನು ಅಭಿಮಾನದಿಂದಲೇ ಹೇಳುತ್ತೇವೆ. ಆದರೆ ನಮ್ಮ ತಾಟಿನಲ್ಲಿ ಈಗ ಇರುವುದೇನು? ಈ ವಾರದ ಪಾಠ ಅದನ್ನು ಕುರಿತದ್ದು.

ಮಾಂಡೋವಿ ಹೊಳೆಯ ಆಚೆ ಪಣಜಿ, ಈಚೆ ನಮ್ಮ ಪರ್ವರಿ. ಇಲ್ಲಿ ಏಳುವ ಹೊಸ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರಲು ವಿಜಾಪುರ, ಬಾಗಲಕೋಟೆ, ಗದಗ ಸೀಮೆಗಳಿಂದ ನಮ್ಮವರು ಬಂದಿದ್ದಾರೆ. ಸಂಜೆ ನನ್ನ ಹತ್ತಿರ ಓದಲು ಬರುವ ಅವರ ಮಕ್ಕಳಿಗೆ ಒಂದು ದಿನ, ನಿನ್ನೆ ಏನೇನು ಉಂಡಿರಿ, ಬರೆಯಿರಿ ಎಂದೆ. ಹೆಚ್ಚಿನವರು ಬರೆದದ್ದು ಒಂದೇ ಬಗೆ: ಬೆಳಿಗ್ಗೆ ಚಹಾ ಮತ್ತು ಪಾವು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ, ಪಲ್ಯವೆಂದರೆ ಬಟಾಟೆ. ಒಬ್ಬ ಹುಡುಗಿ ಮಾತ್ರ ಪುಂಡಿಪಲ್ಯವೆಂದು ಬರೆದಿದ್ದಳು. ಕೇಳಿದರೆ, ಊರಿನಿಂದ ಅಜ್ಜಿ ಬಂದಾಳ್ರಿ ಸರ್ ಎಂದಳು. ಅಜ್ಜಿ ಊರಿಗೆ ಹೋದ ಮೇಲೆ ಆ ಪಲ್ಯವೂ ಹೋಗುವುದೆಂಬುದು ನನಗೆ ಹೊಳೆಯಿತು.

ಇದು ಬರಿಯ ರುಚಿಯ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶವೆಲ್ಲ ನಡೆದ ಒಂದು ದೊಡ್ಡ ತಪಾಸಣೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸಿಹಿಮೂತ್ರ ರೋಗ ನೂರು ವಯಸ್ಕರಿಗೆ 11.4 ಇದ್ದರೆ, ಗೋವೆಯಲ್ಲಿ 26.4 ಎಂದು ಅದರಲ್ಲಿ ಕಂಡುಬಂತು. ರಾಜ್ಯಗಳಲ್ಲೆಲ್ಲ ಇದೇ ಅತಿ ಹೆಚ್ಚು. ಇದಕ್ಕೆ ಆಹಾರವೊಂದೇ ಕಾರಣವಲ್ಲ. ವಯಸ್ಸು, ವಂಶ, ಮೈಭಾರ, ಕುಳಿತು ಮಾಡುವ ಕೆಲಸ ಇವೆಲ್ಲ ಕೂಡಿವೆ. ಆದರೆ ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಆಹಾರವು ಮುಖ್ಯವಾದುದು.

ಇಲ್ಲಿ ನನ್ನದೇ ತಪ್ಪನ್ನು ಹೇಳಬೇಕು. ಮೂರು ವರ್ಷಗಳ ಹಿಂದೆ ನನ್ನ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆಯೆಂದು ವೈದ್ಯರು ತಿಳಿಸಿದರು. ನಾನು ಊರಿನಿಂದ ಒಂದು ಚೀಲ ಬಿಳಿಜೋಳ ತರಿಸಿ, ಅನ್ನ ಬಿಟ್ಟು ರೊಟ್ಟಿ ಹಿಡಿದೆ. ಹೊತ್ತಿಗೆ ಐದು ರೊಟ್ಟಿ, ಜೊತೆಗೆ ಉಪ್ಪಿನಕಾಯಿ ಇಲ್ಲವೇ ಬಟಾಟೆ ಪಲ್ಯ. ಮೂರು ತಿಂಗಳ ಮೇಲೆ ನೋಡಿದರೆ ಸಕ್ಕರೆ ಇಳಿದಿರಲಿಲ್ಲ. ಜೋಳವೇ ಮೋಸ ಮಾಡಿತೆಂದು ಬೇಸರಪಟ್ಟೆ. ಆಗ ನನ್ನ ತಾಯಿ ತಾಟು ನೋಡಿ, ರೊಟ್ಟಿ ಐತಿ, ಊಟ ಎಲ್ಲಿ ಐತಿ ಎಂದು ಕೇಳಿದಳು. ಶಿಕ್ಷಕರ ತರಬೇತಿಯಲ್ಲಿ ಸಮತೋಲ ಆಹಾರದ ಪಾಠ ಓದಿ ಬಂದವನಿಗೆ ಓದು ಬಾರದ ತಾಯಿ ಪಾಠ ಹೇಳಿದಳು.

ನಮ್ಮ ಹಿರಿಯರ ತಾಟಿನಲ್ಲಿ ಐದು ಸಂಗತಿಗಳಿದ್ದವು. ಒಂದೊಂದರ ಕೆಲಸವನ್ನು ತಿಳಿಯೋಣ.

1. ಧಾನ್ಯ. ಇದು ದುಡಿಯುವ ಮೈಗೆ ಶಕ್ತಿ ಕೊಡುವುದು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂಗೂ ಕಡಿಮೆ, ಕಬ್ಬಿಣ 1 ಮಿಲಿಗ್ರಾಂಗೂ ಕಡಿಮೆ. ರಾಗಿಯಲ್ಲಿ 360 ಮಿಲಿಗ್ರಾಂ ಮೀರಿದ ಸುಣ್ಣದ ಅಂಶವಿದೆ. ನಾರು ಸಕ್ಕರೆಯು ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಆದರೆ ಜೋಳವೂ ಪಿಷ್ಟವೇ. ಅಳತೆ ಮೀರಿದರೆ ಅದೂ ಸಕ್ಕರೆಯನ್ನು ಏರಿಸುವುದು. ನನ್ನ ತಪ್ಪು ಇದೇ.

2. ಕಾಳು. ಹೆಸರು, ಮಡಿಕೆ, ಅಲಸಂದಿ, ಹುರುಳಿ, ತೊಗರಿ. ಜೋಳದ ಸಸಾರಜನಕದಲ್ಲಿ ಇರುವ ಒಂದು ಕೊರತೆಯನ್ನು ಕಾಳು ತುಂಬಿಕೊಡುತ್ತದೆ. ಆದುದರಿಂದಲೇ ರೊಟ್ಟಿಗೆ ಕಾಳುಪಲ್ಯ ಜೋಡಿ.

3. ಸೊಪ್ಪು, ತರಕಾರಿ. ಪುಂಡಿ, ರಾಜಗಿರಿ, ಮೆಂತೆ, ಹಕ್ಕರಕಿ, ಸೌತೆ, ಉಳ್ಳಾಗಡ್ಡಿ. ಇವು ಜೀವಸತ್ವಗಳ ಮತ್ತು ನಾರಿನ ಭಂಡಾರ.

4. ಎಣ್ಣೆಕಾಳಿನ ಹಿಂಡಿ. ಶೇಂಗಾ, ಗುರೆಳ್ಳು, ಅಗಸಿ. ಒಂದೆರಡು ಚಮಚೆಯಲ್ಲಿಯೇ ಹೃದಯಕ್ಕೆ ಹಿತವಾದ ಎಣ್ಣೆಯ ಅಂಶ ದೊರೆಯುತ್ತದೆ.

5. ಮಜ್ಜಿಗೆ ಅಥವಾ ಮೊಸರು. ಸಸ್ಯಗಳಲ್ಲಿ ಸಿಕ್ಕದ ಬಿ-12 ಜೀವಸತ್ವ ಹಾಲು, ಮೊಸರು, ಮೀನು, ತತ್ತಿಗಳಲ್ಲಿದೆ. ಬರಿಯ ಸೊಪ್ಪು ಕಾಳು ಸಾಕೆಂದು ಇವನ್ನು ಪೂರ್ತಿ ಬಿಡುವುದು ಸರಿಯಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಕೊಟ್ಟ ಸಲಹೆಯೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ. ದಿನಕ್ಕೆ 2,000 ಕ್ಯಾಲೊರಿ ಬೇಕಾದವರಿಗೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ. ಅಂದರೆ ಸೊಪ್ಪು ತರಕಾರಿಯ ತೂಕವೇ ಧಾನ್ಯಕ್ಕಿಂತ ಹೆಚ್ಚು. ಬಟಾಟೆ ಇದರ ಲೆಕ್ಕಕ್ಕಿಲ್ಲ. ಕಲ್ಲು ಹೊರುವವರಿಗೆ ಧಾನ್ಯ ಇನ್ನಷ್ಟು ಬೇಕು.

ಜೋಳ ಇಲ್ಲಿ ತುಟ್ಟಿ, ಅನ್ನವೇ ಗತಿ ಎನ್ನುವಿರಾ? ಅಕ್ಕಿಯನ್ನು ದೂರುವುದೂ ತರವಲ್ಲ. ಜಾವಾದಲ್ಲಿ ಐಕ್ಮನ್ ಎಂಬ ಡಚ್ ವೈದ್ಯನು 1890ರ ದಶಕದಲ್ಲಿ ಒಂದು ಸಂಗತಿಯನ್ನು ಕಂಡನು. ಪಾಲಿಶ್ ಮಾಡಿದ ಅಕ್ಕಿಯನ್ನಷ್ಟೇ ತಿಂದ ಕೋಳಿಗಳ ಕಾಲು ಸೋತವು. ತೌಡು ಕೊಟ್ಟಾಗ ಚೇತರಿಸಿಕೊಂಡವು. ತೌಡಿನಲ್ಲಿದ್ದುದು ಬಿ-1 ಜೀವಸತ್ವವೆಂದು ಮುಂದೆ ತಿಳಿಯಿತು. ಆತನಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು. ಗೋವೆಯ ಹಳ್ಳಿಗರು ಉಣ್ಣುವ ಉಕಡೆ ಅಕ್ಕಿ ಈ ದೃಷ್ಟಿಯಿಂದ ಉತ್ತಮವಾದುದು. ಭತ್ತವನ್ನು ಕುದಿಸಿ ಒಣಗಿಸುವಾಗ ತೌಡಿನ ಸತ್ವದ ಒಂದು ಪಾಲು ಕಾಳಿನ ಒಳಕ್ಕೆ ಇಳಿಯುತ್ತದೆ. ಅವರ ನಾಚಣಿಯ ಅಂಬಿಲವೂ ನಮ್ಮ ರಾಗಿ ಅಂಬಲಿಯೂ ಒಂದೇ. ನಮ್ಮ ರಾಜಗಿರಿಯ ಒಡಹುಟ್ಟು ಅವರ ತಾಂಬಡಿ ಭಾಜಿ. ನಮ್ಮ ಅಲಸಂದಿ ಅವರ ಆಳಸಾಂದೆ. ಮಳೆಯ ಮೊದಲ ವಾರಗಳಲ್ಲಿ ಅವರು ತಗಚೆಯ ಎಳೆ ಸೊಪ್ಪನ್ನು ತಾಯ್ಕಿಳೊ ಎಂದು ಕರೆದು ಪಲ್ಯ ಮಾಡುತ್ತಾರೆ. ಊರು ಬೇರೆಯಾದರೂ ಹಿರಿಯರ ತಾಟು ಬೇರೆಯಾಗಿರಲಿಲ್ಲ. ಆದರೆ ಗುರುತು ತಿಳಿದವರನ್ನು ಕೇಳದೆ ಕಾಡುಸೊಪ್ಪನ್ನು ಕೊಯ್ಯಬೇಡಿರಿ.

ಇನ್ನು ಬೆಳೆಯುವ ಮಾತು. ಪರ್ವರಿಯ ದಿಣ್ಣೆ ಚಿರೆಕಲ್ಲಿನ ಕೆಂಪು ನೆಲ. ಮಣ್ಣು ತೆಳು, ಹುಳಿ ಗುಣದ್ದು, ನೀರು ಬೇಗ ಬಸಿಯುತ್ತದೆ. ಕರಿಮಣ್ಣಿನ ಜೋಳ ಇಲ್ಲಿ ಹಿಡಿಯದು. ಆದರೆ ಸೊಪ್ಪಿಗೆ ತೊಂದರೆಯಿಲ್ಲ. ಒಂದು ಮೊಳ ಎತ್ತರದ ಮಡಿ ಮಾಡಿ, ತಿಪ್ಪೆಗೊಬ್ಬರ ಸಮಪಾಲು ಸೇರಿಸಿ, ಒಲೆಯ ಬೂದಿ ಸ್ವಲ್ಪ ಚೆಲ್ಲಿರಿ. ಮಳೆಗಾಲದಲ್ಲಿ ನೀರು ನಿಲ್ಲದಿರಲೆಂದೇ ಮಡಿ ಎತ್ತರವಿರಬೇಕು. ಪುಂಡಿಯನ್ನು ಜೂನಿನಲ್ಲಿ ಬಿತ್ತಿರಿ. ರಾಜಗಿರಿಯ ಬೀಜ ಬಹಳ ಸಣ್ಣದು. ಮರಳಿನಲ್ಲಿ ಬೆರೆಸಿ ಅಕ್ಟೋಬರದಿಂದ ಹದಿನೈದು ದಿನಕ್ಕೊಂದು ಮಡಿಯಂತೆ ಬಿತ್ತಿದರೆ, ಒಂದು ತಿಂಗಳೊಳಗೆ ಕೊಯ್ಲು ಸುರುವಾಗಿ ಮುಂದೆ ಕಡಿಯುವುದಿಲ್ಲ. ಅಲಸಂದಿಯನ್ನು ಭತ್ತ ಕೊಯ್ದ ಮೇಲೆ ಉಳಿದ ಹಸಿಯಲ್ಲಿ ಹಾಕಬಹುದು. ನುಗ್ಗೆಯ ಒಂದು ಟೊಂಗೆಯನ್ನು ನೀರು ನಿಲ್ಲದ ಕಡೆ ನೆಟ್ಟರೆ ವರ್ಷವಿಡೀ ಸೊಪ್ಪು ಸಿಗುವುದು. ಬಾಡಿಗೆ ಖೋಲಿಯಲ್ಲಿರುವವರು ಸಿಮೆಂಟಿನ ಖಾಲಿ ಚೀಲವನ್ನು ಚೆನ್ನಾಗಿ ತೊಳೆದು, ತಳಕ್ಕೆ ತೂತು ಮಾಡಿ ಬಸಳೆ ಬಳ್ಳಿ ಹಚ್ಚಬಹುದು. ಅಕ್ಕಿ ತೊಳೆದ ನೀರೇ ಅದಕ್ಕೆ ಸಾಕು.

ಅಡಿಗೆಯಲ್ಲಿ ಲಕ್ಷ್ಯವಿಡಬೇಕಾದವು ಇವು: ಸೊಪ್ಪನ್ನು ತೊಳೆದ ಮೇಲೆ ಹೆಚ್ಚಿರಿ. ಬೇಯಿಸಿದ ನೀರನ್ನು ಚೆಲ್ಲಬೇಡಿರಿ. ಉಣ್ಣುವಾಗ ಲಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆ ಕುಡಿದ ಚಹಾ ಅದನ್ನು ತಡೆಯುತ್ತದೆ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಅದು ಒಂದು ಸಣ್ಣ ಚಮಚೆ. ಈಗಾಗಲೇ ಗುಳಿಗೆ ನುಂಗುವವರು ಸೊಪ್ಪು ಹಿಡಿದೆನೆಂದು ಗುಳಿಗೆ ಬಿಡಬಾರದು. ವೈದ್ಯರನ್ನು ಕೇಳಿಯೇ ಬದಲಿಸತಕ್ಕದ್ದು.

ನಾನೂ ಗುಳಿಗೆ ಬಿಟ್ಟಿಲ್ಲ. ರೊಟ್ಟಿ ಎರಡಕ್ಕೆ ಇಳಿದಿವೆ, ಕಾಳು ಸೊಪ್ಪು ಏರಿವೆ, ಸಂಜೆ ಮಡಿಗೆ ನೀರು ಹೊರುವುದರಿಂದ ಮೈಗೂ ಕೆಲಸ ಸಿಕ್ಕಿದೆ. ಸಕ್ಕರೆ ಈಗ ಹತೋಟಿಯಲ್ಲಿದೆ.

ಪಾಠ ಮುಗಿಯಿತು, ಮನೆಗೆಲಸ ಉಳಿಯಿತು. ಈ ರಾತ್ರಿ ತಾಟಿನ ಮುಂದೆ ಕುಳಿತಾಗ, ಐದರಲ್ಲಿ ಎಷ್ಟು ಇವೆಯೆಂದು ಮಕ್ಕಳಿಂದ ಎಣಿಸಿರಿ. ಇಲ್ಲದಿರುವುದರಲ್ಲಿ ಒಂದನ್ನು ನಾಳೆ ಕೂಡಿಸಿರಿ. ಊರಿನಿಂದ ಅಜ್ಜಿ ಬಂದರೆ, ಆಕೆ ಮರಳಿ ಹೋಗುವ ಮೊದಲು ಒಂದು ಹಿಡಿ ಪುಂಡಿ ಬೀಜ ಇಸಿದುಕೊಳ್ಳಿರಿ.