ಅಮರ ಪ್ರೇಮಿ ಮತ್ತು ಚರಿತ್ರೆಯ ಸಾಕ್ಷ್ಯ: ಐತಿಹಾಸಿಕ ವ್ಯಾಂಪೈರ್ ಪ್ರಣಯ ಕಾದಂಬರಿಗಳ ಆಕರ್ಷಣೆ

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಜನಪ್ರಿಯ ಕಾದಂಬರಿ ಕ್ಷೇತ್ರದಲ್ಲಿ ವಿಶಿಷ್ಟ ಪ್ರಕಾರವೊಂದು ನೆಲೆಗೊಂಡಿತು. ಮನುಷ್ಯರ ರಕ್ತ ಹೀರಿ ಸಾವಿಲ್ಲದೆ ಬದುಕುವ ವ್ಯಾಂಪೈರ್ ಇಲ್ಲಿ ಕೇವಲ ಭೀತಿಯ ವಸ್ತುವಾಗಿ ಉಳಿಯದೆ ಪ್ರೇಮಿಯಾಗುತ್ತಾನೆ. ಕಥೆಯು ಗತಕಾಲದ ನಿರ್ದಿಷ್ಟ ದೇಶಕಾಲಗಳಲ್ಲಿ ನಡೆಯುತ್ತದೆ. ಈ ಕೃತಿಗಳ ಜನಪ್ರಿಯತೆಯನ್ನು ಭಯ ಮತ್ತು ಕಾಮಗಳ ಬೆರಕೆಯೆಂದು ವಿವರಿಸುವುದು ರೂಢಿ. ಈ ವಿವರಣೆಯು ಅವುಗಳಲ್ಲಿ ಚರಿತ್ರೆ ವಹಿಸುವ ಪಾತ್ರವನ್ನು ಕಡೆಗಣಿಸುತ್ತದೆ. ಗತವನ್ನು ಕಣ್ಣಾರೆ ಕಂಡವನ ಬಾಯಿಂದಲೇ ಅದನ್ನು ಕೇಳಬೇಕೆಂಬ ಹಂಬಲವು ಈ ಆಕರ್ಷಣೆಯ ಮುಖ್ಯ ಮೂಲ. ಹಾಗೆ ಕೇಳುವಾಗ ಯಾರ ನೆನಪು ಉಳಿಯುತ್ತದೆ, ಯಾರದು ಅಳಿಯುತ್ತದೆ ಎಂಬ ಪ್ರಶ್ನೆಯನ್ನು ಮೂರು ಕಾದಂಬರಿಗಳ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

ಮೊದಲಿಗೆ ಪರಿಭಾಷೆಯ ವಿಚಾರ. ‘ರಕ್ತಪಿಶಾಚಿ’ ಎಂಬ ಪದವು ವ್ಯಾಂಪೈರ್‌ನ ಆಹಾರವನ್ನಷ್ಟೇ ಸೂಚಿಸುತ್ತದೆ. ರಿಚರ್ಡ್ ಬರ್ಟನ್ ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ತಂದು, 1870ರಲ್ಲಿ ‘ವಿಕ್ರಂ ಅಂಡ್ ದಿ ವ್ಯಾಂಪೈರ್’ ಎಂಬ ಹೆಸರಿನಲ್ಲಿ ಪ್ರಕಟಿಸಿದನು. ಆದರೆ ಬೇತಾಳವು ಪರರ ಶವವನ್ನು ಹೊಕ್ಕು ಕಥೆ ಹೇಳುವ ಭೂತ; ಯೂರೋಪಿನ ವ್ಯಾಂಪೈರ್ ತನ್ನದೇ ದೇಹದಲ್ಲಿ ಎದ್ದುಬಂದ ಶವ. ಆದ್ದರಿಂದ ಇಲ್ಲಿ ಮೂಲಪದವನ್ನೇ ಉಳಿಸಿಕೊಳ್ಳಲಾಗಿದೆ.

ಪೂರ್ವ ಯೂರೋಪಿನ ಹಳ್ಳಿಗರ ನಂಬಿಕೆಯಲ್ಲಿದ್ದ ಈ ಶವವನ್ನು ಜಾನ್ ಪಾಲಿಡೋರಿಯ ‘ದಿ ವ್ಯಾಂಪೈರ್’ (1819) ಕಥೆಯು ಶ್ರೀಮಂತರ ದಿವಾನಖಾನೆಗೆ ಕರೆತಂದಿತು. ಶೆರಿಡನ್ ಲೆ ಫಾನುವಿನ ‘ಕಾರ್ಮಿಲ್ಲಾ’ದಲ್ಲಿ ಬೇಟೆ ಮತ್ತು ಪ್ರೇಮ ಒಂದಾದವು. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ (1897) ದಿನಚರಿ, ಪತ್ರ, ವರದಿಗಳಿಂದ ಕಟ್ಟಿದ ಕಾದಂಬರಿ. ಅದರಲ್ಲಿ ಡ್ರಾಕುಲಾ ತನ್ನ ವಂಶದ ಯುದ್ಧಗಳನ್ನು ಕಣ್ಣಮುಂದೆ ನಡೆದವೆಂಬಂತೆ ವರ್ಣಿಸುತ್ತಾನೆ. ಆದರೆ ಆ ಮಾತನ್ನು ದಾಖಲಿಸುವವರು ಅವನ ವಿರೋಧಿಗಳು. ಶತಮಾನಗಳ ನೆನಪಿರುವವನಿಗೆ ಸ್ವಂತ ನಿರೂಪಣೆಯ ಅಧಿಕಾರ ದೊರೆಯುವುದಿಲ್ಲ.

ಆನ್ ರೈಸ್ ಅವರ ‘ಇಂಟರ್‌ವ್ಯೂ ವಿತ್ ದಿ ವ್ಯಾಂಪೈರ್’ (1976) ಈ ಅಧಿಕಾರವನ್ನು ವ್ಯಾಂಪೈರ್‌ಗೇ ಒಪ್ಪಿಸಿತು. ಸ್ಯಾನ್ ಫ್ರಾನ್ಸಿಸ್ಕೋದ ಕೋಣೆಯೊಂದರಲ್ಲಿ ಲೂಯಿ ತನ್ನ ಕಥೆಯನ್ನು ತರುಣನೊಬ್ಬನ ಧ್ವನಿಮುದ್ರಣ ಯಂತ್ರದ ಮುಂದೆ ಹೇಳುತ್ತಾನೆ. ಕಥೆ ಆರಂಭವಾಗುವುದು 1791ರಲ್ಲಿ, ಆಗ ಸ್ಪೇನಿನ ಆಳ್ವಿಕೆಯಲ್ಲಿದ್ದ ಲೂಸಿಯಾನಾದ ನೀಲಿ ತೋಟವೊಂದರಲ್ಲಿ. ಲೂಯಿ ಆ ತೋಟದ ಒಡೆಯ, ಗುಲಾಮರ ಯಜಮಾನ. ಅವನನ್ನು ವ್ಯಾಂಪೈರ್ ಆಗಿಸಿದ ಲೆಸ್ಟಾಟ್ ಆ ಗುಲಾಮರನ್ನೇ ಆಹಾರವಾಗಿಸಿಕೊಳ್ಳುತ್ತಾನೆ. ಯಜಮಾನರು ಮನುಷ್ಯರಲ್ಲವೆಂದು ಮೊದಲು ಗುರುತಿಸುವವರೂ ಗುಲಾಮರೇ. ಈ ಸೂಚನೆ ಅರ್ಥಗರ್ಭಿತವಾದುದು. ಆದರೆ ಕಾದಂಬರಿಯ ಗಮನವು ಬೇಗನೆ ಒಡೆಯನ ಪಾಪಪ್ರಜ್ಞೆ, ಒಂಟಿತನ ಮತ್ತು ಪ್ರೇಮಗಳತ್ತ ಸರಿಯುತ್ತದೆ. ಗುಲಾಮರ ಸಂಕಟವು ಹಿನ್ನೆಲೆಯ ಕತ್ತಲೆಯಾಗಿ ಉಳಿಯುತ್ತದೆ. ಹತಾಶೆಯ ಕಥೆಯನ್ನು ಪೂರ್ತಿ ಕೇಳಿದ ತರುಣನು ಕೊನೆಗೆ ತನ್ನನ್ನೂ ವ್ಯಾಂಪೈರ್ ಮಾಡಬೇಕೆಂದು ಬೇಡುತ್ತಾನೆ, ಲೂಯಿ ಕೆರಳುತ್ತಾನೆ. ಪ್ರಕಾರದ ಆಕರ್ಷಣೆಯೂ ಅದರ ಅಪಾಯವೂ ಈ ಬೇಡಿಕೆಯಲ್ಲಿವೆ: ಸೊಗಸಾಗಿ ಹೇಳಿದ ಕ್ರೌರ್ಯವು ಎಚ್ಚರಿಕೆಯಾಗದೆ ಆಸೆಯಾಗುತ್ತದೆ.

ಚೆಲ್ಸಿ ಕ್ವಿನ್ ಯಾರ್ಬ್ರೋ ಅವರ ‘ಹೋಟೆಲ್ ಟ್ರಾನ್ಸಿಲ್ವೇನಿಯಾ’ (1978) ಈ ಅಪಾಯಕ್ಕೆ ಬೇರೆ ಉತ್ತರ ಹುಡುಕುತ್ತದೆ. 1743ರ ಪ್ಯಾರಿಸ್ ಅದರ ಆವರಣ. ನಾಯಕ ಸೇಂಟ್ ಜರ್ಮೇನ್ ಎಂಬ ಹೆಸರು ಹದಿನೆಂಟನೆಯ ಶತಮಾನದ ಯೂರೋಪಿನ ರಾಜಾಸ್ಥಾನಗಳಲ್ಲಿ ಓಡಾಡಿದ ನಿಜವ್ಯಕ್ತಿಯದು. ಅವನ ಹುಟ್ಟು, ವಯಸ್ಸುಗಳ ಬಗ್ಗೆ ಆ ಕಾಲದಲ್ಲೇ ಇದ್ದ ವದಂತಿಗಳನ್ನು ಕಾದಂಬರಿ ಬಳಸಿಕೊಳ್ಳುತ್ತದೆ. ಯಾರ್ಬ್ರೋ ಅವರ ನಾಯಕ ಸಾವಿರಾರು ವರ್ಷ ಬದುಕಿದವನು, ಬಹುಶ್ರುತ, ಸಂಯಮಿ. ತಾಯ್ನೆಲದ ಮಣ್ಣನ್ನು ಪಾದರಕ್ಷೆಯ ಅಟ್ಟೆಯಲ್ಲಿ ಹೊತ್ತು ನಡೆಯುತ್ತಾನೆ. ಪ್ರೇಮದಲ್ಲಿ ಹೆಣ್ಣಿನ ಒಪ್ಪಿಗೆಯೇ ಅವನಿಗೆ ಮುಖ್ಯ. ನಾಯಕಿ ಮ್ಯಾಡೆಲೀನ್‌ಳನ್ನು ಬಲಿಕೊಡಲು ಹವಣಿಸುವವರು ಮನುಷ್ಯರೇ ಆದ ಕುಲೀನರು. ಮುಂದಿನ ಕೃತಿಗಳು ನೀರೋನ ರೋಮ್, ಸವೊನರೋಲನ ಫ್ಲಾರೆನ್ಸ್ ಮೊದಲಾದೆಡೆಗೆ ಸಾಗುತ್ತವೆ. ಎಲ್ಲೆಡೆಯೂ ವ್ಯಾಂಪೈರ್‌ಗಿಂತ ಕ್ರೂರವಾಗಿರುವುದು ಮನುಷ್ಯರು ಕಟ್ಟಿದ ಅಧಿಕಾರವ್ಯವಸ್ಥೆ. ಹೆಣ್ಣಿನ ಆಯ್ಕೆಗೆ ಬೆಲೆಯಿಲ್ಲದ ಕಾಲದಲ್ಲಿ ಅವಳ ಇಚ್ಛೆಯನ್ನು ಗೌರವಿಸುವ ಗಂಡಸನ್ನು ಇರಿಸಿ, ಚರಿತ್ರೆ ನೀಡದಿದ್ದುದನ್ನು ಕಾದಂಬರಿ ನೀಡುತ್ತದೆ. ಓದುಗರಿಗೆ ದೊರೆಯುವ ಸಮಾಧಾನ ನಿಜವಾದುದು. ಆದರೂ ಇಲ್ಲಿ ಸಾಕ್ಷಿಯಾಗುವವನು ಸಂಪತ್ತುಳ್ಳ ಕುಲೀನ ಗಂಡಸೇ.

ಈ ಮಿತಿಯನ್ನು ಮುರಿದದ್ದು ಜ್ಯುವೆಲ್ ಗೋಮೆಜ್ ಅವರ ‘ದಿ ಗಿಲ್ಡಾ ಸ್ಟೋರೀಸ್’ (1991). ಇದೂ ಲೂಸಿಯಾನಾದಲ್ಲೇ, 1850ರಲ್ಲಿ ತೊಡಗುತ್ತದೆ. ಆದರೆ ಕೇಂದ್ರದಲ್ಲಿರುವವಳು ತೋಟದಿಂದ ತಪ್ಪಿಸಿಕೊಂಡು ಬಂದ ಗುಲಾಮ ಹುಡುಗಿ. ಅವಳಿಗೆ ಆಶ್ರಯ ನೀಡಿದ ವ್ಯಾಂಪೈರ್ ಗಿಲ್ಡಾಳಿಂದ ದೀರ್ಘಾಯುಷ್ಯವನ್ನೂ ಆಕೆಯ ಹೆಸರನ್ನೂ ಪಡೆಯುತ್ತಾಳೆ. ಬರ್ಡ್ ಎಂಬ ಲಕೋಟಾ ಮಹಿಳೆ ಅವಳಿಗೆ ಅಕ್ಷರ ಕಲಿಸುತ್ತಾಳೆ. ಹೆಣ್ಣುಗಳ ನಡುವಿನ ಪ್ರೇಮ ಮತ್ತು ಆಯ್ದುಕೊಂಡ ಬಂಧುತ್ವ ಕಥೆಯನ್ನು 2050ರವರೆಗೆ ಒಯ್ಯುತ್ತವೆ. ಗಿಲ್ಡಾ ಕೊಲ್ಲದೆ ರಕ್ತ ಪಡೆಯುತ್ತಾಳೆ. ಪ್ರತಿಯಾಗಿ ಆ ವ್ಯಕ್ತಿಗೆ ಬೇಕಾದ ಕನಸನ್ನೋ ಭರವಸೆಯನ್ನೋ ಬಿಟ್ಟುಹೋಗುತ್ತಾಳೆ. ರಕ್ತವು ಇಲ್ಲಿ ಸುಲಿಗೆಯ ರೂಪಕವಾಗದೆ ಕೊಡುಕೊಳೆಯ ರೂಪಕವಾಗುತ್ತದೆ. ಆಫ್ರಿಕನ್ ಮೂಲದ ತಾಯಿಯ ನೆನಪು ಮಗಳ ಆಯುಷ್ಯದೊಂದಿಗೆ ಉಳಿಯುತ್ತದೆ. ದಾಖಲೆಗಳಲ್ಲಿ ಆಸ್ತಿಯಾಗಿ ಲೆಕ್ಕಕ್ಕೆ ಸಿಕ್ಕವರು ಚರಿತ್ರೆಯ ನಿರೂಪಕರಾಗುವುದು ಈ ಕೃತಿಯ ಸಾಧನೆ. 2022ರಲ್ಲಿ ಆರಂಭವಾದ ರೈಸ್ ಕಾದಂಬರಿಯ ಕಿರುತೆರೆ ರೂಪಾಂತರವು ಲೂಯಿಯನ್ನು 1910ರ ನ್ಯೂ ಆರ್ಲಿಯನ್ಸ್‌ನ ಕಪ್ಪುವರ್ಣೀಯನನ್ನಾಗಿ ಬದಲಿಸಿತು. ಮೂಲದಲ್ಲಿ ಹಿನ್ನೆಲೆಗೆ ಸರಿದ ಪ್ರಶ್ನೆಯು ಮುನ್ನೆಲೆಗೆ ಬಂದುದಕ್ಕೆ ಇದು ನಿದರ್ಶನ.

ಬೇತಾಳ ಕಥೆಗಳ ಹೋಲಿಕೆ ಇಲ್ಲಿ ಉಪಯುಕ್ತವಾಗುತ್ತದೆ. ಬೇತಾಳ ಪ್ರತಿ ಕಥೆಯ ಕೊನೆಗೆ ರಾಜನಿಂದ ತೀರ್ಪನ್ನು ಕೇಳುತ್ತದೆ. ಉತ್ತರ ತಿಳಿದೂ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ. ವ್ಯಾಂಪೈರ್ ತನ್ನದೇ ಕಥೆ ಹೇಳಿ ಅನುಕಂಪವನ್ನು ಕೇಳುತ್ತಾನೆ. ಅನುಕಂಪ ದೊರೆತ ಕೂಡಲೇ ತೀರ್ಪು ಹಿಂದೆ ಸರಿಯುವುದೇ ಈ ಪ್ರಕಾರದ ಮೋಹಕ ಶಕ್ತಿ. ಜನಪ್ರಿಯವೆಂಬ ಕಾರಣಕ್ಕೆ ಇಂತಹ ಕೃತಿಗಳನ್ನು ಅಧ್ಯಯನದಿಂದ ಹೊರಗಿಡುವುದಕ್ಕಿಂತ, ಅವು ಯಾರಿಗೆ ಅಮರತ್ವ ನೀಡುತ್ತವೆ, ಯಾರ ರಕ್ತದಿಂದ ನೀಡುತ್ತವೆ ಎಂದು ವಿಚಾರಿಸುವುದು ಹೆಚ್ಚು ಫಲಪ್ರದ. ಗತವನ್ನು ಪ್ರೇಮದ ಕಣ್ಣಿನಿಂದ ನೋಡುವ ಯಾವುದೇ ಐತಿಹಾಸಿಕ ಕಾದಂಬರಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.