ಮೂಡು ಗಾಳಿ, ಪಡು ಗಾಳಿ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಹಾಗಿದ್ದೂ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾರ್ಕಳದ ಕಡೆಯ ಗುಡ್ಡಗಳಲ್ಲಿ ಹೊಗೆ ಏಳುವುದುಂಟು. ಇಷ್ಟು ಮಳೆ ಬೀಳುವ ಊರಿನಲ್ಲಿ ಕಾಡಿಗೆ ಬೆಂಕಿ ಹತ್ತುವುದು ಹೇಗೆ?

ಮೊದಲ ಕಾರಣ ಸುಲಭವಾಗಿದೆ. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಮುಗಿಯುತ್ತದೆ. ಡಿಸೆಂಬರ್ ಕಳೆದ ಮೇಲೆ ತಿಂಗಳುಗಟ್ಟಲೆ ಹನಿ ಬೀಳುವುದೇ ಅಪರೂಪ. ಮಣಿಪಾಲದಂತಹ ಮುರಕಲ್ಲಿನ ನೆಲದಲ್ಲಿ ಮೇಲ್ಮಣ್ಣು ತೆಳು; ನೀರು ಬೇಗ ಇಂಗಿಹೋಗುತ್ತದೆ. ಮಳೆಗಾಲದಲ್ಲಿ ಹುಲುಸಾಗಿ ಬೆಳೆದ ಮುಳಿಹುಲ್ಲು ಒಣಗಿ ನಿಲ್ಲುತ್ತದೆ. ಗೇರು, ಅಕೇಶಿಯಾ ತೋಪುಗಳ ಕೆಳಗೆ ತರಗೆಲೆ ರಾಶಿ ಬೀಳುತ್ತದೆ. ಉರುವಲು ಹೀಗೆ ಸಿದ್ಧವಾಯಿತು.

ಎರಡನೆಯ ಕಾರಣ ಗಾಳಿ. ಮೂಡುಬಿದಿರೆ, ಪಡುಬಿದ್ರಿ ಎಂಬ ಊರುಗಳ ಹೆಸರನ್ನು ಕೇಳಿದ್ದೀರಿ. ಮೂಡು ಎಂದರೆ ಪೂರ್ವ, ಪಡು ಎಂದರೆ ಪಶ್ಚಿಮ. ಗಾಳಿಗೆ ಅದು ಯಾವ ಕಡೆಯಿಂದ ಬರುತ್ತದೆಯೋ ಆ ದಿಕ್ಕಿನ ಹೆಸರು. ಬೇಸಗೆಯ ಬೆಳಗಿನಲ್ಲಿ ನಮ್ಮಲ್ಲಿ ಬೀಸುವುದು ಮೂಡು ಗಾಳಿ. ಅದು ಘಟ್ಟದ ಮೇಲಿನಿಂದ ಇಳಿದು ಬರುತ್ತದೆ. ಇಳಿಯುವ ಗಾಳಿಯ ಮೇಲೆ ಒತ್ತಡ ಹೆಚ್ಚಿ, ಅದು ಅದುಮಿಕೊಂಡು ಬಿಸಿಯಾಗುತ್ತದೆ. ಸೈಕಲ್ ಪಂಪು ಒತ್ತಿದಾಗ ಅದರ ತುದಿ ಬಿಸಿಯಾಗುವುದಿಲ್ಲವೇ, ಹಾಗೆ. ಪ್ರತಿ 100 ಮೀಟರ್ ಇಳಿದರೆ ಸುಮಾರು 1 ಡಿಗ್ರಿ ಸೆಲ್ಸಿಯಸ್ ಏರುತ್ತದೆ.

ಒಂದು ಲೆಕ್ಕ ಮಾಡೋಣ. ಆಗುಂಬೆ ಸುಮಾರು 650 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಉಷ್ಣತೆ 25 ಡಿಗ್ರಿ, ಆರ್ದ್ರತೆ ಶೇಕಡಾ 60 ಎಂದಿಟ್ಟುಕೊಳ್ಳಿ. 550 ಮೀಟರ್ ಕೆಳಗಿಳಿದಾಗ ಉಷ್ಣತೆ 30 ಡಿಗ್ರಿ ದಾಟುತ್ತದೆ. ಅದರಲ್ಲಿರುವ ನೀರಾವಿ ಅಷ್ಟೇ. ಆದರೆ ಬಿಸಿ ಗಾಳಿ ಇನ್ನೂ ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಆದ್ದರಿಂದ ಆರ್ದ್ರತೆ ಶೇಕಡಾ 45ರ ಆಸುಪಾಸಿಗೆ ಇಳಿಯುತ್ತದೆ. ಈ ಬಾಯಾರಿದ ಗಾಳಿ ತರಗೆಲೆಯಲ್ಲಿ ಉಳಿದ ಪಸೆಯನ್ನೂ ಹೀರುತ್ತದೆ. ಘಟ್ಟದ ಬುಡದಲ್ಲಿರುವ ಕಾರ್ಕಳದ ಕಡೆಗೆ ಇದರ ಪೆಟ್ಟು ಮೊದಲು.

ಹೊತ್ತು ಏರಿದಂತೆ ನೆಲ ಕಡಲಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಗಾಳಿ ಮೇಲೇರಿ, ಕಡಲಿನ ತಂಪು ಗಾಳಿ ಒಳನುಗ್ಗುತ್ತದೆ. ಇದೇ ಪಡು ಗಾಳಿ. ಕಾಪು ಕಡಲ ತಡಿಯಲ್ಲೇ ಇರುವುದರಿಂದ ಅಲ್ಲಿಗೆ ಇದು ಮೊದಲು ಬರುತ್ತದೆ, ಬಳಿಕ ಮಣಿಪಾಲಕ್ಕೆ. ಕಡಲಿನಿಂದ ಸುಮಾರು 25 ಕಿಲೋಮೀಟರ್ ಒಳಗಿರುವ ಕಾರ್ಕಳಕ್ಕೆ ತಡವಾಗಿ, ಸೊರಗಿ ತಲುಪುತ್ತದೆ. ಕೆಲವು ದಿನ ಮೂಡು ಗಾಳಿ ಬಲವಾಗಿದ್ದು ಪಡು ಗಾಳಿಯನ್ನು ಮಧ್ಯಾಹ್ನದವರೆಗೂ ತಡೆದು ನಿಲ್ಲಿಸುತ್ತದೆ. ಕರಾವಳಿ ಬೇಯುವುದು ಆ ದಿನಗಳಲ್ಲೇ. ಕರಾವಳಿಯಲ್ಲಿ ಉಷ್ಣತೆ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎನ್ನುತ್ತದೆ. 2025ರ ಫೆಬ್ರವರಿ ಕೊನೆಯಲ್ಲೇ ನಮ್ಮ ಕರಾವಳಿಗೆ ಇಂತಹ ಎಚ್ಚರಿಕೆ ಬಂದಿತ್ತು.

ಪಡು ಗಾಳಿ ತಂಪು ನಿಜ, ಆದರೆ ಗುಡ್ಡಕ್ಕೆ ಬೆಂಕಿ ಹತ್ತಿದ್ದರೆ ಅದು ಗೆಳೆಯನಲ್ಲ. ಜ್ವಾಲೆಯನ್ನು ಇಳಿಜಾರಿನ ಮೇಲಕ್ಕೆ, ಘಟ್ಟದ ಕಡೆಗೆ ತಳ್ಳುತ್ತದೆ. ಮೇಲಿನ ಹುಲ್ಲು ಜ್ವಾಲೆ ಮುಟ್ಟುವ ಮೊದಲೇ ಕಾದು ಸಿದ್ಧವಾಗಿರುತ್ತದೆ. ಆದ್ದರಿಂದ ಗುಡ್ಡದಲ್ಲಿ ಹೊಗೆ ಕಂಡರೆ ಎಂದೂ ಬೆಂಕಿಗಿಂತ ಮೇಲಕ್ಕೆ ಓಡಬೇಡಿ. ದೂರ ಸರಿದು ಹಿರಿಯರಿಗೆ ತಿಳಿಸಿ, 112ಕ್ಕೆ ಕರೆ ಮಾಡಿಸಿ. ಅಂದಹಾಗೆ, ನಮ್ಮ ದೇಶದ ಹೆಚ್ಚಿನ ಕಾಡಿನ ಬೆಂಕಿ ತಾನಾಗಿ ಹುಟ್ಟುವುದಲ್ಲ. ಎಸೆದ ಬೀಡಿ, ಹುಲ್ಲು ಸುಡಲು ಹಚ್ಚಿದ ಕಡ್ಡಿ, ಇಂತಹವೇ ಕಾರಣ.

ಹಾರುವವರಿಗೂ ಈ ಗಾಳಿಗಳ ಲೆಕ್ಕ ಬೇಕು. ವಿಮಾನಗಳು ಸಾಧ್ಯವಾದಷ್ಟೂ ಗಾಳಿಗೆ ಎದುರಾಗಿ ಏರುತ್ತವೆ, ಇಳಿಯುತ್ತವೆ. ಆಗ ಕಡಿಮೆ ಓಟ ಸಾಕು. ನಮಗೆ ಹತ್ತಿರದ ಮಂಗಳೂರು ವಿಮಾನ ನಿಲ್ದಾಣದ ಮುಖ್ಯ ಓಡುದಾರಿಯ ಎರಡು ತುದಿಗಳಿಗೆ 06 ಮತ್ತು 24 ಎಂದು ಸಂಖ್ಯೆ. 24 ಎಂದರೆ ದಿಕ್ಸೂಚಿಯ 240 ಡಿಗ್ರಿ, ಅಂದರೆ ನೈಋತ್ಯದ ಕಡೆಗೆ ಮುಖ. ಪಡು ಗಾಳಿ ಬೀಸುವ ಮಧ್ಯಾಹ್ನಕ್ಕೆ ಯಾವ ಮುಖ ಅನುಕೂಲ? ನೀವೇ ಹೇಳಿ. ಹೊಗೆ ಕವಿದರೆ ಪೈಲಟ್‌ಗೆ ದೂರದ್ದು ಕಾಣದು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಉರಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದವು. ಹೊಗೆ, ಗಾಳಿ ಎರಡನ್ನೂ ಗಮನಿಸಿಯೇ ಹಾರಬೇಕಾದ ಕೆಲಸ ಅದು.

ಬಿಸು ಹಬ್ಬದ ಹೊತ್ತಿಗೆ, ಅಂದರೆ ಏಪ್ರಿಲ್ ಮಧ್ಯದಲ್ಲಿ, ಆಟ ಬದಲಾಗತೊಡಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿ ಸಂಜೆ ಘಟ್ಟದ ಮೇಲೆ ಗುಡುಗುಮೋಡ ಬೆಳೆಯುತ್ತದೆ. ಒಂದೆರಡು ಒಳ್ಳೆಯ ಮಳೆ ಬಿದ್ದರೆ ತರಗೆಲೆ ನೆನೆದು ಬೆಂಕಿಯ ಭಯ ಇಳಿಯುತ್ತದೆ. ಪೈಲಟ್‌ಗೆ ಮಾತ್ರ ಆಗ ಹೊಸ ಚಿಂತೆ: ಹತ್ತು ಕಿಲೋಮೀಟರ್‌ಗೂ ಎತ್ತರ ಏರುವ ಆ ಮೋಡವನ್ನು ಸುತ್ತಿ ಹೋಗಬೇಕು.

ಮಾಡಿ ನೋಡಿ: ಶಾಲೆಯ ಅಂಗಳದಲ್ಲಿ ಉದ್ದ ಕೋಲಿನ ತುದಿಗೆ ತೆಳುವಾದ ಬಟ್ಟೆಯ ಪಟ್ಟಿ ಕಟ್ಟಿ. ಒಂದು ವಾರ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಗಂಟೆಗೊಮ್ಮೆ ಅದು ಯಾವ ಕಡೆಗೆ ಹಾರುತ್ತದೆಂದು ಬರೆಯಿರಿ. ಒಂದು ತರಗೆಲೆಯನ್ನು ಅಂಗೈಯಲ್ಲಿ ಹಿಸುಕಿ, ಪುಡಿಯಾಯಿತೇ, ಮಡಚಿತೇ ಎಂದೂ ಬರೆಯಿರಿ. ಕಾಪು ಕಡಲ ತೀರದಲ್ಲಿ, 1901ರ ದೀಪಸ್ತಂಭದ ಬಳಿ ಗಾಳಿಪಟ ಹಾರಿಸುವವರು ಇದನ್ನು ಇನ್ನೂ ಸುಲಭವಾಗಿ ಅರಿಯಬಹುದು: ಮೂಡು ಗಾಳಿಯಲ್ಲಿ ಪಟ ಕಡಲಿನ ಮೇಲೆ, ಪಡು ಗಾಳಿಯಲ್ಲಿ ತೆಂಗಿನ ಮರಗಳ ಮೇಲೆ. ಕಾರ್ಕಳದ ಶಾಲೆಯೊಂದರಲ್ಲಿಯೂ ಇದೇ ವಾರ ಇದೇ ಪ್ರಯೋಗ ಮಾಡಲು ಹೇಳಿ. ಗಾಳಿ ದಿಕ್ಕು ಬದಲಿಸಿದ ಹೊತ್ತಿನಲ್ಲಿ ಎಷ್ಟು ವ್ಯತ್ಯಾಸ ಬಂತು?